ಸುಕ್ರಿ ಬೊಮ್ಮಗೌಡ (ಜನಪದ ಗಾಯಕಿ)

ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳನ್ನು ಕಂಠಸ್ಥವಾಗಿ ಕಾಪಾಡಿಕೊಂಡು ಬಂದ ಗಾಯಕಿ ಶ್ರೀಮತಿ ಸುಕ್ರಿ ಬೊಮ್ಮಗೌಡ. ಜನರು ಇವರನ್ನು ಪ್ರೀತಿಯಿಂದ ‘ಸುಕ್ರಜ್ಜಿ’ ಎಂದೂ ‘ಹಾಲಕ್ಕಿ ಕೋಗಿಲೆ’ ಎಂದೂ ಕರೆಯುತ್ತಿದ್ದರು.

ಹಿನ್ನೆಲೆ:
ಅಂಕೋಲಾ ತಾಲ್ಲೂಕಿನ ಬಡಗೇರಿ ಇವರ ಊರು. ಶಾಲಾ ಶಿಕ್ಷಣ ಇವರಿಗೆ ದೊರೆಯಲಿಲ್ಲ. ತಾಯಿಯಿಂದ ಬಾಲ್ಯದಲ್ಲಿಯೇ ಹಾಡುಗಳನ್ನು ಕಲಿತರು. ಎಳೆಯ ವಯಸ್ಸಿನಲ್ಲಿ ವಿವಾಹವಾಗಿ, ಮುಂದೆ ಪತಿಯನ್ನು ಕಳೆದುಕೊಂಡ ಇವರು ಕೂಲಿ ಕೆಲಸ ಮಾಡಿ ಜೀವನ ಸಾಗಿಸಿದರು.

ಹಾಡಿನ ಪರಂಪರೆ:
ಹಾಲಕ್ಕಿ ಜನರ ಬದುಕಿನಲ್ಲಿ ಹಾಡು ಕೇವಲ ಮನರಂಜನೆಯಲ್ಲ. ಮದುವೆಯ ಶಾಸ್ತ್ರಗಳಿಗೂ ಹಬ್ಬ ಹರಿದಿನಗಳಿಗೂ ಗದ್ದೆಯ ಕೆಲಸಕ್ಕೂ ಬೇರೆ ಬೇರೆ ಹಾಡುಗಳಿವೆ. ಸುಗ್ಗಿ ಕುಣಿತ ಹಾಗೂ ಮಣ್ಣಿನ ಗಡಿಗೆಯ ವಾದ್ಯವಾದ ಗುಮಟೆಯ ಹಾಡುಗಳೂ ಈ ಸಮುದಾಯದಲ್ಲಿ ಪ್ರಸಿದ್ಧವಾಗಿವೆ. ಇವು ಲಿಖಿತ ರೂಪದಲ್ಲಿರದೆ ಬಾಯಿಂದ ಬಾಯಿಗೆ ಬಂದವುಗಳಾದ್ದರಿಂದ, ಹಾಡುವವರು ಇಲ್ಲವಾದಲ್ಲಿ ಹಾಡೂ ಇಲ್ಲವಾಗುತ್ತದೆ. ಸುಕ್ರಜ್ಜಿಯವರ ನೆನಪಿನಲ್ಲಿ ಸಾವಿರಕ್ಕೂ ಹೆಚ್ಚು ಹಾಡುಗಳಿದ್ದವೆಂದು ಹೇಳಲಾಗುತ್ತದೆ. ಇವರು ಹಾಡಿದ ಹಾಡುಗಳನ್ನು ಕಾರವಾರ ಆಕಾಶವಾಣಿ ಕೇಂದ್ರವು ಧ್ವನಿಮುದ್ರಿಸಿಕೊಂಡಿದೆ. ತಮ್ಮ ಊರಿನ ಮಹಿಳೆಯರಿಗೂ ಮಕ್ಕಳಿಗೂ ಇವರು ಹಾಡುಗಳನ್ನು ಕಲಿಸಿದರು.

ಸಾಮಾಜಿಕ ಸೇವೆ:
ಮದ್ಯದ ಚಟದಿಂದ ಸ್ವಂತ ಕುಟುಂಬದಲ್ಲಿಯೇ ಸಾವಿನ ನೋವನ್ನು ಕಂಡ ಇವರು, ಊರಿನ ಮಹಿಳೆಯರನ್ನು ಸಂಘಟಿಸಿ ಸಾರಾಯಿ ವಿರೋಧಿ ಹೋರಾಟ ನಡೆಸಿದರು. ರಾಜ್ಯದಲ್ಲಿ ಸಾರಾಯಿ ನಿಷೇಧವು 2007ರ ಜುಲೈ 1ರಿಂದ ಜಾರಿಗೆ ಬಂದಿತು. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಸಮುದಾಯದ ಬೇಡಿಕೆಗೂ ಇವರು ದನಿಗೂಡಿಸಿದ್ದರು.

ಸಂದ ಗೌರವಗಳು:
* ರಾಜ್ಯ ಸರ್ಕಾರದ ಜಾನಪದ ಶ್ರೀ ಪ್ರಶಸ್ತಿ
* ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪದವಿ
* ಭಾರತ ಸರ್ಕಾರದ ಪದ್ಮಶ್ರೀ ಪ್ರಶಸ್ತಿ (2017)

ಇದೇ ತಾಲ್ಲೂಕಿನ ಹಾಗೂ ಇದೇ ಸಮುದಾಯದ ಪರಿಸರ ಪ್ರೇಮಿ ಶ್ರೀಮತಿ ತುಳಸಿ ಗೌಡ ಅವರೂ ಪದ್ಮಶ್ರೀ ಪುರಸ್ಕೃತರು. ಅವರು 2024ರ ಡಿಸೆಂಬರ್‌ನಲ್ಲಿ ನಿಧನರಾದರು.

ನಿಧನ:
ಸುಕ್ರಜ್ಜಿಯವರು 2025ರ ಫೆಬ್ರವರಿ 13ರಂದು ನಿಧನರಾದರು. ಧ್ವನಿಮುದ್ರಿಕೆಗಳು ಅವರ ಕಂಠವನ್ನು ಉಳಿಸಿವೆ. ಆದರೆ ಯಾವ ಹಾಡನ್ನು ಯಾವ ಶಾಸ್ತ್ರಕ್ಕೆ, ಯಾವ ಹೊತ್ತಿನಲ್ಲಿ ಹಾಡಬೇಕೆಂಬ ತಿಳಿವಳಿಕೆಯು ಹಾಡುವವರಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಸಾರ್ವಜನಿಕರು ತಮ್ಮ ಮನೆ ಹಾಗೂ ಊರುಗಳಲ್ಲಿರುವ ಹಿರಿಯರಿಂದ ಇಂತಹ ಹಾಡುಗಳನ್ನು ಅವರು ಇರುವಾಗಲೇ ಕಲಿತು, ಬರೆದಿಟ್ಟುಕೊಳ್ಳುವುದು ಅಪೇಕ್ಷಣೀಯ.