ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ

ನಮ್ಮ ಜೊತೆ ಓದಿದವರಲ್ಲಿ ಹಲವರು ಈಗ ಸ್ವಂತ ಸುದ್ದಿ ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ತಾಲ್ಲೂಕು ಕೇಂದ್ರದ ಯಾರೋ ಪರಿಚಯದ ಹುಡುಗ ಸೈಟ್ ಮಾಡಿಕೊಡುತ್ತಾನೆ. ಸುದ್ದಿಯ ಕೆಳಗೆ ಓದುಗರು ಬರೆಯಲು ಜಾಗ, ಪಕ್ಕದಲ್ಲಿ ಮಾರಾಟದ ಜಾಹೀರಾತು. ಅಲ್ಲಿ ಬೇರೆಯವರು ಹಾಕಿದ್ದಕ್ಕೆ ಹೊಣೆ ಯಾರು? ನಮ್ಮ ದೇಶದಲ್ಲಿ ಈ ಪ್ರಶ್ನೆ ದೊಡ್ಡದಾಗಿದ್ದು ಒಂದು ಬಂಧನದಿಂದ.

ಬಾಜಿ ಡಾಟ್ ಕಾಮ್ ಎಂಬ ಹರಾಜು ತಾಣವಿತ್ತು. ಯಾರು ಬೇಕಾದರೂ ಸಾಮಾನು ಪಟ್ಟಿ ಮಾಡಿ ಮಾರಬಹುದಿತ್ತು. 2004ರಲ್ಲಿ ಅದನ್ನು ಇಬೇ ಕೊಂಡುಕೊಂಡಿತು. ಆ ವರ್ಷ ನವೆಂಬರ್ 27, ಶನಿವಾರ ಸಂಜೆ, ಖರಗ್‌ಪುರ ಐಐಟಿಯ ವಿದ್ಯಾರ್ಥಿಯೊಬ್ಬ ಶಾಲಾ ಮಕ್ಕಳಿಬ್ಬರ ಅಶ್ಲೀಲ ಎಂಎಂಎಸ್ ತುಣುಕನ್ನು ಇ-ಪುಸ್ತಕದ ವಿಭಾಗದಲ್ಲಿ ಮಾರಾಟಕ್ಕಿಟ್ಟ. ಅದೇ ರಾತ್ರಿ ಬಳಕೆದಾರರೊಬ್ಬರು ಕಂಪನಿಗೆ ತಿಳಿಸಿದರು. ತೆಗೆದದ್ದು ಸೋಮವಾರ ಬೆಳಿಗ್ಗೆ, ಸುಮಾರು 38 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಎಂಟು ಮಂದಿ ಕೊಂಡಿದ್ದರು. ವಾರದ ರಜೆ ಎಂಬುದು ಆಫೀಸಿಗಿತ್ತು, ವೆಬ್‌ಸೈಟಿಗಿರಲಿಲ್ಲ.

ಡಿಸೆಂಬರ್ 17ರಂದು ದೆಹಲಿ ಪೊಲೀಸರು ಕಂಪನಿಯ ವ್ಯವಸ್ಥಾಪಕ ನಿರ್ದೇಶಕ ಅವ್ನೀಶ್ ಬಜಾಜ್ ಅವರನ್ನೇ ಬಂಧಿಸಿದರು. ನಾಲ್ಕು ದಿನದ ನಂತರ ಹೈಕೋರ್ಟ್ ಜಾಮೀನು ಕೊಟ್ಟಿತು.

ಆಗ ಇದ್ದದ್ದು 2000ನೇ ಇಸವಿಯ ಐಟಿ ಕಾಯ್ದೆ. ಅದರ 79ನೇ ಸೆಕ್ಷನ್ ರಕ್ಷಣೆ ಕೊಡುತ್ತಿತ್ತು, ಆದರೆ ‘ನನಗೆ ತಿಳಿಯದೆ ಆಯಿತು’ ಅಥವಾ ‘ಸಾಕಷ್ಟು ಎಚ್ಚರಿಕೆ ವಹಿಸಿದ್ದೆ’ ಎಂದು ಸಾಬೀತು ಮಾಡುವ ಭಾರ ತಾಣ ನಡೆಸುವವರ ಮೇಲೆಯೇ ಇತ್ತು. 2008ರಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರು ದಂಡ ಸಂಹಿತೆಯ ಆರೋಪಗಳಿಂದ ಬಜಾಜ್ ಅವರನ್ನು ಬಿಡಿಸಿ, ಐಟಿ ಕಾಯ್ದೆಯ 67ನೇ ಸೆಕ್ಷನ್ ಕೇಸನ್ನು ಉಳಿಸಿದರು. ಸೈಟ್ ಕಟ್ಟುವವರು ಆ ತೀರ್ಪಿನಲ್ಲಿ ಗಮನಿಸಬೇಕಾದ ಮಾತೊಂದಿದೆ: ಇಂಥ ಪದಗಳನ್ನು ಹಿಡಿಯುವ ಫಿಲ್ಟರ್ ಸರಿಯಾಗಿಲ್ಲದಿದ್ದರೆ, ವಿಷಯ ಗೊತ್ತೇ ಇತ್ತು ಎಂದು ಭಾವಿಸುವ ಅಪಾಯವಿದೆ. ಕೋಡ್ ಬರೆಯುವವನ ಕೆಲಸ ಹೀಗೆ ನೇರವಾಗಿ ಕೋರ್ಟಿನೊಳಗೆ ಬಂತು.

2012ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಕೇಸನ್ನೂ ರದ್ದು ಮಾಡಿತು. ಕಾರಣ ಮಾತ್ರ ಬೇರೆ: ಕಂಪನಿಯನ್ನೇ ಆರೋಪಿ ಮಾಡದೆ ನಿರ್ದೇಶಕನ ಮೇಲೆ ಮೊಕದ್ದಮೆ ನಡೆಯದು ಎಂದಿತು. ಎಂಟು ವರ್ಷದ ಓಡಾಟದ ನಂತರವೂ ಮೂಲ ಪ್ರಶ್ನೆ ಇತ್ಯರ್ಥವಾಗಲಿಲ್ಲ.

ಅಷ್ಟು ಹೊತ್ತಿಗೆ ಕಾಯ್ದೆಯೇ ಬದಲಾಗಿತ್ತು. 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದ ಹೊಸ 79ನೇ ಸೆಕ್ಷನ್ ಪ್ರಕಾರ, ಬೇರೆಯವರ ಬರಹಕ್ಕೆ ತಾಣ ಹೊಣೆಯಲ್ಲ. ಆದರೆ ತಿಳಿದ ಮೇಲೂ ತೆಗೆಯದಿದ್ದರೆ ರಕ್ಷಣೆ ಹೋಗುತ್ತದೆ. 2011ರ ನಿಯಮಗಳು ದೂರು ಬಂದ 36 ಗಂಟೆಯೊಳಗೆ ಕ್ರಮ ಕೈಗೊಳ್ಳಿ ಎಂದವು. (ಬಾಜಿಯವರ 38 ಗಂಟೆಯನ್ನು ನೆನಪಿಸಿಕೊಳ್ಳಿ.) ಯಾರೋ ದೂರು ಕೊಟ್ಟರೆಂದು ತೆಗೆಯುತ್ತಾ ಹೋದರೆ ನಮ್ಮಂಥ ಜಿಲ್ಲಾ ವರದಿಗಾರರು ಹಾಕಿದ ಸುದ್ದಿಯ ಕೊಂಡಿಯೂ ಉಳಿಯುತ್ತಿರಲಿಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಿಪಡಿಸಿತು: ‘ತಿಳಿಯುವುದು’ ಎಂದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬರುವುದು. ಅಂದು ಎಲ್ಲರೂ 66ಎ ರದ್ದಾದದ್ದನ್ನೇ ಬರೆದರು. ಸಣ್ಣ ತಾಣಗಳಿಗೆ ಈ ಭಾಗವೂ ಅಷ್ಟೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಸರ್ಕಾರದ ಸೂಚನೆ ಎಂದರೆ ಎಷ್ಟು ಎಂಬ ಜಗಳ ನಮ್ಮ ಹೈಕೋರ್ಟಿಗೂ ಬಂತು. ಕೇಂದ್ರದ ಸಹಯೋಗ್ ಪೋರ್ಟಲ್ ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಒಂದು ವಿಷಯದಲ್ಲಿ ಗೊಂದಲ ಬೇಡ. 79ನೇ ಸೆಕ್ಷನ್ ಕಾಯುವುದು ಬೇರೆಯವರು ಬರೆದದ್ದಕ್ಕೆ. ನಾವೇ ಬರೆದು ಹಾಕಿದ ಸುದ್ದಿಗೆ ನಾವೇ ಪ್ರಕಾಶಕರು. ಮಾನನಷ್ಟದ ನೋಟಿಸ್ ಬಂದರೆ ಆ ಸೆಕ್ಷನ್ ತೋರಿಸಿ ಪ್ರಯೋಜನವಿಲ್ಲ. 2021ರ ನಿಯಮಗಳು ತಾಣದಲ್ಲಿ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ಇರಬೇಕೆಂದವು. ನಾವು ನೋಡಿದ ಹಲವು ಸೈಟುಗಳಲ್ಲಿ ಆ ಪುಟವೇ ಇಲ್ಲ. ಇರುವಲ್ಲೂ ಬೇರೆ ಯಾವುದೋ ತಾಣದಿಂದ ನಕಲು ಮಾಡಿದ ಪಠ್ಯ. ಇನ್ನು ಅಡ್ಮಿನ್ ಪಾಸ್‌ವರ್ಡ್ ಎಲ್ಲಿದೆ ಎಂದು ಕೇಳಿದರೆ, ಅದು ಸೈಟ್ ಮಾಡಿಕೊಟ್ಟ ಹುಡುಗನ ಬಳಿಯೇ ಇದೆ.