ಕಲಬುರಗಿ ಸೀಮೆಯ ಊಟ ಮತ್ತು ರೋಗನಿರೋಧಕ ಶಕ್ತಿ: ಒಂದು ಚಾರಿತ್ರಿಕ ನೋಟ

ಭಾರತದಲ್ಲಿ ಕೋವಿಡ್‌ನ ಮೊದಲ ಸಾವು ಸಂಭವಿಸಿದ್ದು ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಆ ತಿಂಗಳ ಕೊನೆಗೆ ಕೇಂದ್ರ ಆಯುಷ್ ಸಚಿವಾಲಯ ಅರಿಷಿಣದ ಹಾಲು, ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿಯ ಕಷಾಯ, ದಿನಕ್ಕೆ 10 ಗ್ರಾಂ ಚ್ಯವನಪ್ರಾಶ ಎಂದು ಸಲಹೆ ಕೊಟ್ಟಿತು. ವಿಟಮಿನ್ ಸಿ, ಝಿಂಕ್ ಗುಳಿಗೆಗಳಿಗೂ ಬೇಡಿಕೆ ಏರಿತು. ವೈರಾಣುವನ್ನು ಆಹಾರದಿಂದ ತಡೆಯಬಹುದೆಂಬ ಈ ಭರವಸೆಯ ಹಿನ್ನೆಲೆಯನ್ನು ಕಲಬುರಗಿ ಜಿಲ್ಲೆಯ ಖಜೂರಿ, ಆಳಂದ ಸೀಮೆಯ ನೆಲದಿಂದಲೇ ಹುಡುಕಬಹುದು.

ಇದೇ ಜಿಲ್ಲೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ಜೈನಾಚಾರ್ಯ ಉಗ್ರಾದಿತ್ಯ 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಬರೆದ. ಮದ್ಯ, ಮಾಂಸ, ಜೇನುತುಪ್ಪ ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳಿದ್ದು ಈ ವೈದ್ಯಗ್ರಂಥದ ವಿಶೇಷ. 1025ರ ಸುಮಾರಿಗೆ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ ಎರಡೂ ಒಂದೇ ಹೊತ್ತಗೆಯಲ್ಲಿ ಕೂಡಿ ಬಂದವು. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಊಟಕ್ಕೆಂದೇ ಅನ್ನಭೋಗವೆಂಬ ಭಾಗವಿಟ್ಟ. ಈ ಪರಂಪರೆ ಆಹಾರವನ್ನು ಋತು, ಮೈಯ ಪ್ರಕೃತಿ, ಜೀರ್ಣಶಕ್ತಿಗಳ ಲೆಕ್ಕದಲ್ಲಿ ನೋಡಿತು. ವೈರಾಣು ಅದಕ್ಕೆ ಗೊತ್ತಿರಲಿಲ್ಲ. ವಿಜ್ಞಾನಕ್ಕೆ ವೈರಾಣುವಿನ ಸುಳಿವು ಸಿಕ್ಕಿದ್ದೇ 1892ರಲ್ಲಿ. ಆದ್ದರಿಂದ 2020ರ ಭರವಸೆಯನ್ನು ಉಗ್ರಾದಿತ್ಯನ ತಲೆಗೆ ಕಟ್ಟುವುದು ಅವನಿಗೆ ಮಾಡುವ ಅನ್ಯಾಯ.

ಜನಪದದ ಪಥ್ಯದ ಕಥೆ ಬೇರೆ. ಮಗುವಿಗೆ ದಡಾರ (ಈ ಕಡೆ 'ಗೊಬ್ಬರ' ಅನ್ನುತ್ತಾರೆ) ಎದ್ದರೆ ಅಮ್ಮ ಬಂದಳೆಂದು ಬಾಗಿಲಿಗೆ ಬೇವು ಕಟ್ಟಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸುವುದು ವಾಡಿಕೆ. ಮಗುವನ್ನು ಬೇರೆ ಇಟ್ಟು ತಂಪಾಗಿ ನೋಡಿಕೊಂಡದ್ದು ಒಳ್ಳೆಯದೇ. ಆದರೆ ದಡಾರ ಮೈಯಲ್ಲಿದ್ದ ವಿಟಮಿನ್ 'ಎ'ಯನ್ನು ಬರಿದು ಮಾಡುತ್ತದೆ. ಸೊಪ್ಪಿನ ಕೆರೋಟಿನ್ ಮೈಗೆ ಹತ್ತಬೇಕಾದರೆ ಎಣ್ಣೆಯ ಪಸೆ ಬೇಕು. ಭಕ್ತಿಯಿಂದ ಕೈಬಿಟ್ಟ ಒಗ್ಗರಣೆ ಬೇಕಾಗಿದ್ದದ್ದೇ ಆಗ! 1986ರಲ್ಲಿ ಆಲ್ಫ್ರೆಡ್ ಸೋಮರ್ ತಂಡ ಇಂಡೋನೇಷ್ಯಾದ ಅಧ್ಯಯನ ಪ್ರಕಟಿಸಿತು: ವಿಟಮಿನ್ 'ಎ' ಪಡೆದ ಊರುಗಳ ಮಕ್ಕಳಲ್ಲಿ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ಪೂರಕ ಆಹಾರದ ಇಡೀ ಚರಿತ್ರೆಯಲ್ಲಿ ಇಷ್ಟು ಗಟ್ಟಿಯಾದ ಪುರಾವೆ ಅಪರೂಪ. ಅದು ಫಲ ಕೊಟ್ಟದ್ದು ಕೊರತೆ ಇದ್ದ ಕಡೆ ಎಂಬುದನ್ನು ಮರೆಯಬಾರದು.

ಕೊರತೆ ನಮ್ಮ ಗಂಗಾಳದಲ್ಲೂ ಇತ್ತು. ಜೋಳವೊಂದನ್ನೇ ನೆಚ್ಚಿದ ದಖನ್ನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರವೆಂಬ ಕೊರತೆಯ ರೋಗವನ್ನು 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಆ ಧಾನ್ಯದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೆ ಜೋಡಿಸಿದರು. ರೊಟ್ಟಿಯಲ್ಲಿ ತಪ್ಪಿಲ್ಲ, ಒಂಟಿ ರೊಟ್ಟಿಯಲ್ಲಿದೆ. ಅದರ ಪಕ್ಕಕ್ಕೆ ತೊಗರಿಬ್ಯಾಳಿ, ಪುಂಡಿಪಲ್ಯ, ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಒಂದು ಬಟ್ಟಲು ಮಜ್ಜಿಗಿ ಬಂದರೆ ಊಟದ ಲೆಕ್ಕವೇ ಬದಲಾಗುತ್ತದೆ.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಹೊಲಕ್ಕೆ ಹೋದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಚರಗ ಚೆಲ್ಲಿ (ಹೊಲಕ್ಕೆ ಎಡೆ ಅರ್ಪಿಸಿ) ಬಂದು ಕೂತರೆ ಬುತ್ತಿಯಿಂದ ಮೊದಲು ಬರುವುದು ಭಜ್ಜಿ: ಹಸಿ ತೊಗರಿಕಾಳು, ಅವರೆ, ಕಡಲೆ, ಮೆಂತೆ, ಪುಂಡಿ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ ಎಲ್ಲವನ್ನೂ ಬೇಯಿಸಿ, ಹುಣಸೆಹುಳಿ, ಕಡಲೆಹಿಟ್ಟು ಕೂಡಿಸಿ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಳಿ ಬಂದ ಜೋಳದ ಅಂಬಲಿ. ಪ್ರೋಟೀನು, ಕಬ್ಬಿಣ, ಫೋಲೇಟು, ಕೆರೋಟಿನ್, ಅದನ್ನು ಮೈಗೆ ಹತ್ತಿಸುವ ಎಣ್ಣೆ, ಎಲ್ಲ ಒಂದೇ ಗಂಗಾಳದಲ್ಲಿ. ವರುಷಕ್ಕೊಮ್ಮೆಯ ಈ ಅಡುಗೆ ವಾರಕ್ಕೊಮ್ಮೆಯಾದರೂ ಒಲೆಯೇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇನ್ನು ಗುಳಿಗೆಗಳು. 1970ರಲ್ಲಿ ಲೈನಸ್ ಪಾಲಿಂಗ್ ಪುಸ್ತಕವೊಂದರಲ್ಲಿ ವಿಟಮಿನ್ 'ಸಿ' ನೆಗಡಿ ತಡೆಯುತ್ತದೆಂದು ವಾದಿಸಿದರು. ಮುಂದಿನ ಪರೀಕ್ಷೆಗಳನ್ನು ಒಟ್ಟಾಗಿ ನೋಡಿದರೆ ಸಾಮಾನ್ಯ ಜನರಿಗೆ ನೆಗಡಿ ತಪ್ಪಲಿಲ್ಲ. ದಿನವೂ ತಿಂದವರಲ್ಲಿ ಅದರ ಅವಧಿ ಸ್ವಲ್ಪ ತಗ್ಗಿತು, ಅಷ್ಟೆ. ಅಮೆರಿಕದಲ್ಲಿ 214 ಕೋವಿಡ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಮಾಣದ ಝಿಂಕ್, ವಿಟಮಿನ್ 'ಸಿ' ಕೊಟ್ಟರೂ ಲಕ್ಷಣಗಳು ಬೇಗ ಇಳಿಯಲಿಲ್ಲ.

ಹೊಟ್ಟೆ ತುಂಬ ಸರಿಯಾದ ಊಟವಿದ್ದವರಿಗೆ ಗುಳಿಗೆ, ಡಬ್ಬಿಯ ಪುಡಿಗಳಿಂದ ಸಿಗುವುದು ಅಲ್ಪ. ಊಟವೇ ಅರೆಬರೆಯಾದ ಮಗುವಿಗೆ ಸರ್ಕಾರ ಉಚಿತವಾಗಿ ಕೊಡುವ ವಿಟಮಿನ್ 'ಎ' ಹನಿಯಿಂದ ಸಿಗುವುದು ಅಪಾರ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಿ, ಅದರ ಜೊತೆಗೇ ವಿಟಮಿನ್ 'ಎ' ಹನಿಯನ್ನೂ ಕುಡಿಸಿ. ಮುಂದೆ 16ರಿಂದ 18 ತಿಂಗಳ ನಡುವೆ ಎರಡನೆಯ ಬಾರಿ, ಅಲ್ಲಿಂದ ಐದು ವರ್ಷ ತುಂಬುವ ತನಕ ಆರು ತಿಂಗಳಿಗೊಮ್ಮೆ ಆ ಹನಿಯನ್ನು ತಪ್ಪಿಸಬೇಡಿ.