ಒಪ್ಪಿಸಿದವರು, ಒಪ್ಪಿಸಲ್ಪಟ್ಟವರು

ಕನ್ನಡಿಗರಿಗೆ ಬಾಸೆಲ್ ಮಿಶನ್ ಎಂದರೆ ‘ಮಂಗಳೂರ ಸಮಾಚಾರ’ (1843), ಕಿಟೆಲ್ ನಿಘಂಟು (1894), ಕೆಂಪು ಹೆಂಚು. 1834ರಿಂದ ಮಂಗಳೂರಿಗೆ ಬಂದ ಆ ಪಾದ್ರಿಗಳಿಗೆ ಬದುಕನ್ನೆಲ್ಲ ದೇವರಿಗೆ ಒಪ್ಪಿಸುವುದೆಂದರೆ, ದಿನದ ವ್ಯವಹಾರದಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಸಮಿತಿಗೆ ಒಪ್ಪಿಸುವುದು. ಯಾವ ಊರಿನಲ್ಲಿ ಕೆಲಸ, ಯಾವಾಗ ಮದುವೆ, ಎಲ್ಲಕ್ಕೂ ಅದರ ಅಪ್ಪಣೆ ಬೇಕು. ಎಷ್ಟೋ ಹೆಣ್ಣುಮಕ್ಕಳು ವರನ ಮುಖವನ್ನೇ ನೋಡದೆ, ಇದು ದೇವರ ಕರೆಯೆಂದು ನಂಬಿ ಹಡಗು ಹತ್ತಿದರು. (ಮುಖ ನೋಡದ ಮದುವೆ ನಮ್ಮ ಮುತ್ತಜ್ಜಿಯರಿಗೂ ಹೊಸದಲ್ಲ, ಇಲ್ಲಿ ಸಮುದ್ರವೊಂದು ಹೆಚ್ಚು.) ಆದರೆ ಸಮರ್ಪಣೆಯ ನಿಜವಾದ ಭಾರ ಬಿದ್ದದ್ದು ಮಕ್ಕಳ ಮೇಲೆ ಎಂದು ನನಗನ್ನಿಸುತ್ತದೆ. ಇಲ್ಲಿ ಹುಟ್ಟಿದವರನ್ನು ಶಾಲೆಯ ವಯಸ್ಸಾಗುತ್ತಲೇ ಬಾಸೆಲಿನ ಮಕ್ಕಳ ಮನೆಗೆ ಕಳಿಸುತ್ತಿದ್ದರು. ಆಮೇಲೆ ವರ್ಷಗಟ್ಟಲೆ ತಾಯಿಗೂ ಮಗುವಿಗೂ ನಡುವೆ ಕಾಗದಗಳಷ್ಟೇ. ತಂದೆತಾಯಿ ತಾವಾಗಿ ಒಪ್ಪಿ ಬಂದವರು. ಈ ಮಕ್ಕಳನ್ನು ಯಾರೂ ಕೇಳಿರಲಿಲ್ಲ.